ಮುಂದಿನ ಟ್ಯಾಂಕಿನಲ್ಲಿ ಕೂತ ಜನರಲ್

(ಬದಿಯಡ್ಕ ಸಮೀಪದ ಗ್ರಂಥಾಲಯವೊಂದರಲ್ಲಿ ನವೆಂಬರ್ 1ರ ಸಂಜೆ ನಿವೃತ್ತ ಸೈನಿಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನವೆಂಬರ್ ಒಂದು ಅಂದ ಕೂಡಲೇ ನಮ್ಮ ಕಾಸರಗೋಡಿನವರಿಗೆ ಮನಸ್ಸು ಸ್ವಲ್ಪ ಭಾರವಾಗುತ್ತದೆ. ಅತ್ತ ತಲಪಾಡಿ ದಾಟಿದರೆ ರಾಜ್ಯೋತ್ಸವ, ಬಾವುಟ, ಮೆರವಣಿಗೆ. ಇತ್ತ ನಮಗೆ 1956ರ ಅದೇ ದಿನ ಕೇರಳಕ್ಕೆ ಸೇರಿಹೋದ ನೆನಪು. ಮಹಾಜನ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಊರುಗಳು, ಕಯ್ಯಾರ ಕಿಞ್ಞಣ್ಣ ರೈಗಳ ಹೋರಾಟ, ಇದನ್ನೆಲ್ಲ ನೀವು ಪ್ರತಿ ವರ್ಷ ಕೇಳಿದ್ದೀರಿ. ಹೇಳುವವರು ನನಗಿಂತ ಚೆನ್ನಾಗಿ ಹೇಳಿದ್ದಾರೆ. ನಾನು ಇವತ್ತು ಇದೇ ತಾರೀಕಿನ ಇನ್ನೊಂದು ಕಥೆ ಹೇಳುತ್ತೇನೆ. 1948ರ ನವೆಂಬರ್ 1. ಜಾಗ ಕಾಶ್ಮೀರದ ಝೋಜಿಲಾ ಘಾಟಿ. ಕಥೆಯ ವ್ಯಕ್ತಿ ನಮ್ಮ ಪಕ್ಕದ ಮಡಿಕೇರಿಯವರು, ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ಪಕ್ಕದವರು ಅಂತ ಸುಮ್ನೆ ಹೇಳಲಿಲ್ಲ. ನಮ್ಮ ಚಂದ್ರಗಿರಿಗೆ ಬರುವ ಪಯಸ್ವಿನಿಯ ನೀರು ಎಲ್ಲಿಂದ ಬರುತ್ತದೆ ಹೇಳಿ? ಕೊಡಗಿನ ಬೆಟ್ಟಗಳಿಂದ. ಸುಳ್ಯ ದಾಟಿ, ನಮ್ಮ ತೋಟಗಳ ಬದಿಯಲ್ಲಿ ಹರಿದು ಸಮುದ್ರ ಸೇರುತ್ತದೆ. ಆ ಮನುಷ್ಯ ಹುಟ್ಟಿದ ಬೆಟ್ಟದ ಮಳೆಯೇ ನಮ್ಮ ಅಡಿಕೆ ಬುಡಕ್ಕೆ ಬರುತ್ತದೆ. ಆದರೂ ನಮ್ಮ ಶಾಲೆಗಳಲ್ಲಿ ಅವರ ಹೆಸರು ಕೇಳಿದರೆ ಮಕ್ಕಳು ಮುಖ ನೋಡುತ್ತಾರೆ. ಕಾರ್ಯಪ್ಪ ಅಂದರೆ ಕೆಲವರಿಗಾದರೂ ಗೊತ್ತುಂಟು. ತಿಮ್ಮಯ್ಯ ಅಂದರೆ ಯಾವ ತಿಮ್ಮಯ್ಯ ಅಂತ ಕೇಳುತ್ತಾರೆ. ನನಗೆ ಅದು ಬೇಜಾರು. ಅದಕ್ಕೇ ಈ ಮಾತು.

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್ 31ಕ್ಕೆ. ಕೂನೂರು, ಬೆಂಗಳೂರು, ಡೆಹ್ರಾಡೂನ್‌ನಲ್ಲಿ ಓದು. ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಅಧಿಕಾರಿಯಾದರು. ಆ ಕಾಲದಲ್ಲಿ ಭಾರತೀಯ ಅಧಿಕಾರಿ ಅಂದರೆ ಎರಡೂ ಕಡೆಯಿಂದ ಕಷ್ಟ. ಬ್ರಿಟಿಷರು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಊರಿನವರು ಬ್ರಿಟಿಷರ ಯೂನಿಫಾರ್ಮ್ ಹಾಕಿದವನು ಅಂತ ನೋಡುತ್ತಾರೆ. ಅಲಹಾಬಾದಿನಲ್ಲಿದ್ದಾಗ ಇದೇ ಸಂಕಟವನ್ನು ಅವರು ಮೋತಿಲಾಲ್ ನೆಹರೂ ಅವರ ಹತ್ತಿರ ತೋಡಿಕೊಂಡರಂತೆ, ನಾವೆಲ್ಲ ರಾಜೀನಾಮೆ ಕೊಟ್ಟು ಹೊರಗೆ ಬರಬೇಕಾ ಅಂತ. ಬೇಡ, ಸ್ವಾತಂತ್ರ್ಯ ಬಂದ ಮೇಲೆ ನೀವೇ ಬೇಕಾಗುತ್ತೀರಿ, ಅಲ್ಲಿಯವರೆಗೆ ಕೆಲಸ ಕಲಿಯಿರಿ ಅಂದರಂತೆ ಅವರು. ಕಲಿತರು. ಬರ್ಮಾದ ಅರಾಕಾನಿನಲ್ಲಿ 1945ರ ಜನವರಿಯಲ್ಲಿ ಕಾಂಗಾವ್ ಅಂತ ಒಂದು ಘೋರ ಕದನ ನಡೆಯಿತು. ಅಲ್ಲಿ ಒಂದು ಬ್ರಿಗೇಡಿನ ಮೂರು ಪಟಾಲಮ್‌ಗಳಿಗೂ ಭಾರತೀಯರೇ ಮುಖಂಡರು: ತಿಮ್ಮಯ್ಯ, ಥೋರಟ್, ಸೇನ್. ಆಮೇಲೆ ಯುದ್ಧರಂಗದಲ್ಲಿ ಇಡೀ ಬ್ರಿಗೇಡನ್ನು ನಡೆಸಿದ ಮೊದಲ ಭಾರತೀಯರೂ ತಿಮ್ಮಯ್ಯನವರೇ. ಥೋರಟ್ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತದೆ.

ಈಗ ಕಾಶ್ಮೀರಕ್ಕೆ ಬರೋಣ. 1948ರ ಮೇ ತಿಂಗಳು. ಪಾಕಿಸ್ತಾನದ ಕಡೆಯಿಂದ ಬಂದ ದಾಳಿಕೋರರು ಕಾರ್ಗಿಲ್ ಹಿಡಿದರು, ದ್ರಾಸ್ ಮುತ್ತಿದರು. ಶ್ರೀನಗರದಿಂದ ಲಡಾಖಿಗೆ ಹೋಗುವ ಒಂದೇ ದಾರಿ ಕಡಿದುಹೋಯಿತು. ಲೇಹ್ ಪಟ್ಟಣದಲ್ಲಿ ನಮ್ಮವರು ಇದ್ದದ್ದು ಬೆರಳೆಣಿಕೆಯಷ್ಟು. ಲೇಹ್ ಹೋದರೆ ಲಡಾಖ್ ಹೋಯಿತು. ನೆಲದ ದಾರಿ ಇಲ್ಲ ಅಂದ ಮೇಲೆ ಉಳಿದದ್ದು ಆಕಾಶ. ಆದರೆ ಆ ಪರ್ವತಗಳ ಮೇಲೆ ಅಷ್ಟರವರೆಗೆ ಯಾರೂ ಹಾಗೆ ವಿಮಾನ ಹಾರಿಸಿದ್ದಿಲ್ಲ. ಲೇಹ್‌ನಲ್ಲಿ ಸೋನಮ್ ನೋರ್ಬು ಅನ್ನುವ ಲಡಾಖಿ ಎಂಜಿನಿಯರ್ ಊರಿನ ಜನರನ್ನು ಕಟ್ಟಿಕೊಂಡು ಸಿಂಧೂ ನದಿಯ ಬದಿಯ ಮರಳಿನಲ್ಲಿ ಒಂದು ಪಟ್ಟಿ ಸಮ ಮಾಡಿ ಇಟ್ಟಿದ್ದರು. ಎತ್ತರ ಸುಮಾರು 11,500 ಅಡಿ. ಡಕೋಟಾ ವಿಮಾನ ಇಳಿಯುತ್ತದಾ, ಇಳಿದರೆ ಏರುತ್ತದಾ, ಯಾರಿಗೂ ಗ್ಯಾರಂಟಿ ಇಲ್ಲ.

ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಆ ಡಕೋಟಾವನ್ನು ಅಲ್ಲಿ ಇಳಿಸಿದರು. ಒಳಗೆ ಕೂತಿದ್ದವರು ಯಾರು? ಇಡೀ ಡಿವಿಷನ್ನಿನ ಜವಾಬ್ದಾರಿ ಹೊತ್ತ ಮೇಜರ್ ಜನರಲ್ ತಿಮ್ಮಯ್ಯ. ಸೈನಿಕರ ತುಕಡಿಗಳು ಹೋದದ್ದು ಆಮೇಲೆ. ಮೊದಲ ವಿಮಾನದಲ್ಲಿ ಹೋದದ್ದು ಸಾಹೇಬರು.

ನಮ್ಮ ಕಾಸರಗೋಡು ಜಿಲ್ಲೆಯಾದದ್ದೂ ಮೇ 24ಕ್ಕೇ, 1984ರಲ್ಲಿ. ನವೆಂಬರ್ 1, ಮೇ 24, ಎರಡೂ ನಮ್ಮ ತಾರೀಕುಗಳು. ಇದು ಬರೀ ಕಾಕತಾಳೀಯ, ಬೇರೇನೂ ಅಲ್ಲ. ಆದರೆ ಮಕ್ಕಳಿಗೆ ಇತಿಹಾಸ ನೆನಪಿಡಲು ಇಂಥದ್ದೊಂದು ಗಂಟು ಸಿಕ್ಕಿದರೆ ಒಳ್ಳೆಯದು ಅಲ್ವಾ ಮಾಸ್ಟ್ರೇ?

ಲೇಹ್ ಉಳಿಯಿತು. ಆದರೆ ಎಷ್ಟು ದಿನ ಅಂತ ವಿಮಾನದಲ್ಲೇ ಅಕ್ಕಿ, ಗುಂಡು ಸಾಗಿಸುವುದು? ಚಳಿಗಾಲಕ್ಕೆ ಮೊದಲು ಆ ನೆಲದ ದಾರಿಯಲ್ಲಿರುವ ಝೋಜಿಲಾ ತೆರೆಯಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಕಾಲ್ದಳದವರು ನುಗ್ಗಿ ನೋಡಿದರು. ಆಗಲಿಲ್ಲ. ಘಾಟಿಯ ಎರಡೂ ಬದಿಯ ಬಂಡೆಗಳಲ್ಲಿ ಶತ್ರು ಮೆಷಿನ್‌ಗನ್ ಇಟ್ಟು ಕೂತಿದ್ದ. ಜನ ಸತ್ತರು, ವಾಪಸ್ ಬರಬೇಕಾಯಿತು.

ಆಗ ಬಂದ ಯೋಚನೆ ಟ್ಯಾಂಕಿನದು. ಕೇಳಿದವರು ನಕ್ಕಿರಬಹುದು. ಪ್ರಪಂಚದಲ್ಲಿ ಅಷ್ಟು ಎತ್ತರದಲ್ಲಿ ಯಾರೂ ಟ್ಯಾಂಕಿನಿಂದ ಯುದ್ಧ ಮಾಡಿದ್ದಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಇದ್ದದ್ದು ಕೆಳಗೆ ಜಮ್ಮು ಕಡೆ. ಅವುಗಳ ಮೇಲಿನ ತಿರುಗುವ ಗೋಪುರ ಬಿಚ್ಚಿ ಬೇರೆ ಲಾರಿಯಲ್ಲಿ ಹಾಕಿದರು. ಭಾರವೂ ಇಳಿಯಿತು, ನೋಡಿದವರಿಗೆ ಟ್ಯಾಂಕು ಅಂತ ಗುರುತೂ ಸಿಗುವುದಿಲ್ಲ. ರಾತ್ರಿ ಹೊತ್ತು, ಮರದ ಸೇತುವೆಗಳಿಗೆ ಆನಿಕೆ ಕೊಟ್ಟು ಗಟ್ಟಿ ಮಾಡಿ, ಗುಟ್ಟಾಗಿ ಮೇಲೆ ತಂದರು. ಮುಂದಿನ ಸಾಲಿನ ಹುಡುಗ ಕೈ ಎತ್ತಿದ್ದಾನೆ. ಟ್ಯಾಂಕಿನ ಒಳಗೆ ಎಷ್ಟು ಜನ ಅಂತಲಾ? ನಾಲ್ಕು ಜನ ಮಾರಾಯ. ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ ತಾಗುತ್ತದೆ.

ಬಾಲ್ತಾಲ್‌ನಿಂದ ಘಾಟಿಯ ತಲೆಯವರೆಗೆ ಇದ್ದದ್ದು ಹೇಸರಗತ್ತೆ ಹೋಗುವ ಕಾಲುದಾರಿ. ಅದನ್ನು ಟ್ಯಾಂಕ್ ಹೋಗುವ ರಸ್ತೆ ಮಾಡಿದವರು ಯಾರು ಗೊತ್ತಾ? ಮದ್ರಾಸ್ ಸ್ಯಾಪರ್ಸ್, ಅಂದರೆ ರಸ್ತೆ, ಸೇತುವೆ ಕಟ್ಟುವ ಸೇನೆಯ ಎಂಜಿನಿಯರ್ ಪಡೆ. ಮೇಜರ್ ತಂಗರಾಜು ಅವರ ಜನ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ, ಯಾಕೆಂದರೆ ನಾನೂ ಅದೇ ಗುಂಪಿನವನು. 1979ರಲ್ಲಿ ಬೆಂಗಳೂರಿನ ಅಲಸೂರು ಕೆರೆಯ ಬದಿಯ ಸೆಂಟರಿನಲ್ಲಿ ಸೇರಿದವನು. ನಮ್ಮನ್ನು ಇಡೀ ಸೇನೆ ತಂಬಿ ಅಂತ ಕರೆಯುತ್ತದೆ. ತಮಿಳರು, ಮಲಯಾಳಿಗಳು, ತೆಲುಗರು, ಕನ್ನಡಿಗರು, ಎಲ್ಲರೂ ತಂಬಿಗಳೇ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆ ಮಾತಾಡಿ ಬೆಳೆದ ನನ್ನಂಥ ಕಾಸರಗೋಡಿನ ಹುಡುಗನಿಗೆ ಆ ಬ್ಯಾರಕ್ಕು ಊರಿನ ಹಾಗೇ ಇತ್ತು.

1984ರ ಜೂನ್‌ನಲ್ಲಿ ನಾನು ಮೊದಲ ಸಲ ಝೋಜಿಲಾ ಹತ್ತಿದೆ. ಅದನ್ನು ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಆ ಜಾಗ ಕಣ್ಣಿಗೆ ಬರದೆ ಈ ಕಥೆ ಅರ್ಥವಾಗುವುದಿಲ್ಲ. ನಮ್ಮ ಸಂಪಾಜೆ ಘಾಟಿ ನೋಡಿದ್ದೀರಲ್ಲ, ಎರಡೂ ಕಡೆ ಮರ, ಹಸಿರು, ಬಿದ್ದರೂ ಎಲ್ಲೋ ಒಂದು ಬೀಟೆ ಮರ ಹಿಡಿಯುತ್ತದೆ ಅಂತ ಧೈರ್ಯ. ಅಲ್ಲಿ ಒಂದು ಹುಲ್ಲುಕಡ್ಡಿಯ ಆಧಾರವೂ ಇಲ್ಲ. ಒಂದು ಕಡೆ ಕುಸಿಯುವ ಮಣ್ಣಿನ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಕೆಳಗೆ ಬಾಲ್ತಾಲ್‌ನ ಡೇರೆಗಳು ಅವಲಕ್ಕಿ ಕಾಳಿನಷ್ಟು ಕಾಣುತ್ತವೆ. ಹಿಮ ಕರಗಿ ರಸ್ತೆ ಎಲ್ಲ ಗದ್ದೆಯ ಕೆಸರು. ನಮ್ಮ ಕಾನ್ವಾಯ್ ಮುಂದೆ ಗುಡ್ಡ ಜರಿದು ದಾರಿ ಮುಚ್ಚಿತು. ಇಳಿದು ಪಿಕ್ಕಾಸು ಹಿಡಿದೆವು. ಊರಿನಲ್ಲಿ ಅರ್ಧ ದಿನ ಅಡಿಕೆ ಗುಂಡಿ ತೋಡುತ್ತಿದ್ದ ಕೈ ನನ್ನದು. ಅಲ್ಲಿ ಹನ್ನೆರಡು ಏಟು ಹಾಕಿದ್ದೇ, ಉಸಿರು ಸಿಗಲಿಲ್ಲ. ಪಿಕ್ಕಾಸಿನ ಕಾವಿಗೆ ಹಣೆ ಕೊಟ್ಟು ನಿಂತೆ. ಕಿವಿಯಲ್ಲಿ ನನ್ನದೇ ಎದೆ ಬಡಿತ ಕೇಳುತ್ತಿತ್ತು. ಮಂಡಿಯ ಮೇಲೆ ಮಂಜಿನ ನೀರು, ಬೆನ್ನಿನಲ್ಲಿ ಬೆವರು.

ಮೂರು ಗಂಟೆಯ ಮೇಲೆ ಒಂದು ಲಾರಿಯ ಅಗಲ ದಾರಿ ಆಯಿತು. ಮೊದಲ ಗಾಡಿ ಯಾರು ದಾಟಿಸುವುದು? ಡ್ರೈವರ್ ಹುಡುಗ ಹೊಸಬ, ಮುಖ ಬಿಳಿಚಿಕೊಂಡಿತ್ತು. ನಮ್ಮ ಸುಬೇದಾರ್ ಸಾಹೇಬರು ಏನೂ ಹೇಳದೆ ಬಂದು ಅವನ ಪಕ್ಕದಲ್ಲಿ, ಪ್ರಪಾತದ ಬದಿಯ ಸೀಟಿನಲ್ಲಿ ಕೂತರು. ಚಲೋ ಅಂದರು. ಗಾಡಿ ಹೊರಟಿತು. ಹೊರಗಿನ ಚಕ್ರದ ಕೆಳಗಿಂದ ಸಣ್ಣ ಕಲ್ಲುಗಳು ಉದುರುತ್ತಿದ್ದವು. ಬಿದ್ದ ಸದ್ದು ಬರಲೇ ಇಲ್ಲ, ಅಷ್ಟು ಆಳ. ದಾಟಿತು. ರಾತ್ರಿ ಘಾಟಿಯ ಆಚೆಯ ಗುಮ್ರಿಯಲ್ಲಿ ಚಹಾ ಕುಡಿಯುವಾಗ ನಾನು ಕೇಳಿದೆ, ಸಾಬ್, ನೀವು ಯಾಕೆ ಕೂತಿರಿ ಅಂತ. ಅವರು ಹೇಳಿದ್ದು ಇಷ್ಟೇ: ಇದೇ ದಾರಿಯಲ್ಲಿ ಜನರಲ್ ತಿಮ್ಮಯ್ಯ ಮೊದಲ ಟ್ಯಾಂಕಿನಲ್ಲಿ ಕೂತು ಹೋದವರು, ನಾನು ಎಷ್ಟರವನು ತಂಬಿ?

ನಾನು ತಿಮ್ಮಯ್ಯನವರ ಬಗ್ಗೆ ಮೊದಲು ಕೇಳಿದ್ದು ಹೀಗೆ. ಪುಸ್ತಕದಿಂದ ಅಲ್ಲ. ಅವರು ಟ್ಯಾಂಕಿನಲ್ಲಿ ಆ ಘಾಟಿ ಏರಿ ಮೂವತ್ತಾರು ವರ್ಷದ ಮೇಲೆ, ಅದೇ ರಸ್ತೆಯಲ್ಲಿ, ಒಬ್ಬ ಸುಬೇದಾರರು ಹೊರಗಿನ ಸೀಟಿನಲ್ಲಿ ಕೂತದ್ದನ್ನು ನೋಡಿ.

ಈಗ ಆ ದಿನದ ಕಥೆ ಮುಗಿಸುತ್ತೇನೆ. ಆಗ ಪಶ್ಚಿಮ ವಿಭಾಗದ ಸೇನಾ ಮುಖ್ಯಸ್ಥರು ಕಾರ್ಯಪ್ಪನವರು. ಅವರೂ ಕೊಡಂದೇರ ಮನೆತನದವರೇ, ಒಂದೇ ಒಕ್ಕ. ಮೊದಲು ಈ ಕಾರ್ಯಾಚರಣೆಗೆ ಡಕ್, ಅಂದರೆ ಬಾತುಕೋಳಿ ಅಂತ ಹೆಸರಿತ್ತು. ಕಾರ್ಯಪ್ಪನವರು ಅದನ್ನು ಬೈಸನ್ ಅಂತ ಮಾಡಿದರು. ಬೈಸನ್ ಅಂದರೆ ನಮ್ಮ ಕಾಟಿ. ಕೊಡಗಿನ ಕಾಡು ನೋಡಿದವರಿಗೆ ಆ ಹೆಸರಿನ ತೂಕ ಗೊತ್ತು. ಅಕ್ಟೋಬರ್‌ನಲ್ಲೇ ಹೊರಡಬೇಕಿತ್ತು, ಹವೆ ಕೆಟ್ಟು ಮುಂದೆ ಹೋಯಿತು. ಕೊನೆಗೆ ನವೆಂಬರ್ 1. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ ಅವರ ಟ್ಯಾಂಕುಗಳು ಹಿಮದ ನಡುವೆ ಘಾಟಿ ಏರಿದವು. ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯ. ಶತ್ರುವಿಗೆ ಕನಸಿನಲ್ಲೂ ಇಲ್ಲದ ವಿಷಯ. ಬಂಡೆಗಳ ಸಂದಿಯಲ್ಲಿದ್ದ ಬಂಕರುಗಳ ಮೇಲೆ ಟ್ಯಾಂಕಿನ ಗುಂಡು ನೇರವಾಗಿ ಬೀಳತೊಡಗಿದಾಗ ಬಿಟ್ಟು ಓಡಿದರು. ಗುಮ್ರಿ ಅದೇ ದಿನ ಸಿಕ್ಕಿತು. ನವೆಂಬರ್ ಮಧ್ಯದಲ್ಲಿ ದ್ರಾಸ್, ತಿಂಗಳು ಮುಗಿಯುವ ಮೊದಲು ಕಾರ್ಗಿಲ್. ಲೇಹ್‌ನ ದಾರಿ ತೆರೆಯಿತು.

ಒಂದು ಪ್ರಶ್ನೆ ನಮ್ಮ ತರಬೇತಿಯಲ್ಲೂ ಬರುತ್ತಿತ್ತು. ಡಿವಿಷನ್ ಕಮಾಂಡರ್ ಮುಂದಿನ ಟ್ಯಾಂಕಿನಲ್ಲಿ ಕೂರುವುದು ಸರಿಯಾ? ಅವರಿಗೇ ಗುಂಡು ತಾಗಿದ್ದರೆ ಸಾವಿರಾರು ಸೈನಿಕರಿಗೆ ದಿಕ್ಕು ಯಾರು? ಪುಸ್ತಕದ ಪ್ರಕಾರ ಅದು ತಪ್ಪು. ನಾನು ಈ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೇನೆ. ಪ್ರತಿದಿನ ಹಾಗೆ ಮಾಡಿದರೆ ಖಂಡಿತ ತಪ್ಪು. ಆದರೆ ಅವತ್ತಿನ ಸ್ಥಿತಿ ನೋಡಿ. ಎರಡು ತಿಂಗಳ ಹಿಂದೆ ಅದೇ ಜಾಗದಲ್ಲಿ ಸೋತು ಬಂದ ಜನ. ಯಾರೂ ಮಾಡದ ಪ್ರಯೋಗ. ಹೊಸ ರಸ್ತೆ, ಟ್ಯಾಂಕಿನ ಭಾರ ತಡೆಯುತ್ತದಾ ಇಲ್ಲವಾ ಅಂತ ಹೇಳಲಾಗದ ನೆಲ. ಹೋಗಿ ಅಂತ ಹೇಳಿದರೆ ಹೋಗುತ್ತಿದ್ದರು, ಸೈನಿಕರು ಹೋಗುತ್ತಾರೆ. ಆದರೆ ಬನ್ನಿ ಅಂತ ಹೇಳಿದರೆ ಹೋಗುವ ರೀತಿಯೇ ಬೇರೆ. ಲೇಹ್‌ನಲ್ಲೂ ಹಾಗೇ, ಇಲ್ಲೂ ಹಾಗೇ. ಯಾರೂ ಹೋಗದ ಜಾಗಕ್ಕೆ ಮೊದಲು ತಾನು ಹೋಗುವುದು. ಅವರ ಇಡೀ ಬದುಕನ್ನು ನಾನು ಈ ಒಂದು ಗುಣದಿಂದಲೇ ನೋಡುವುದು.

ಯುದ್ಧದಲ್ಲಿ ಮಾತ್ರ ಅಂತ ತಿಳಿಯಬೇಡಿ. 1935ರಲ್ಲಿ ಕ್ವೆಟ್ಟಾದಲ್ಲಿ ದೊಡ್ಡ ಭೂಕಂಪ ಆದಾಗ ಅವರೂ ಅವರ ಹೆಂಡತಿ ನೀನಾ ಅವರೂ ಅಲ್ಲೇ ಇದ್ದರು. ಮದುವೆಯಾಗಿ ಕೆಲವೇ ತಿಂಗಳು. ಗಂಡ ಹೆಂಡತಿ ಇಬ್ಬರೂ ಗಾಯಾಳುಗಳ ಸೇವೆಗೆ ನಿಂತರು. ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು. ಮನೆಯ ಮರ್ಯಾದೆ ಇಬ್ಬರದ್ದೂ.

ಈಗ ಕೊರಿಯಾ. ನನ್ನ ಲೆಕ್ಕದಲ್ಲಿ ಇದು ಝೋಜಿಲಾಕ್ಕಿಂತ ಕಷ್ಟದ ಕೆಲಸ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. 1953ರ ಜುಲೈ 27ಕ್ಕೆ ಕೊರಿಯಾದ ಯುದ್ಧ ನಿಂತಿತು. ಕೈದಿಗಳನ್ನು ವಾಪಸ್ ಕೊಡಬೇಕು. ಆದರೆ ಸಾವಿರಾರು ಕೈದಿಗಳು ನಾವು ಊರಿಗೆ ಹೋಗುವುದಿಲ್ಲ ಅಂತ ಕೂತರು. ಅಮೆರಿಕದ ಕಡೆಯವರ ಹತ್ತಿರ ಅಂಥವರು 22 ಸಾವಿರಕ್ಕೂ ಜಾಸ್ತಿ, ಚೀನೀಯರು, ಉತ್ತರ ಕೊರಿಯಾದವರು. ಆಚೆ ಕಡೆಯವರ, ಅಂದರೆ ಚೀನಾ, ಉತ್ತರ ಕೊರಿಯಾದವರ ಹತ್ತಿರ 359 ಜನ. ಇವರನ್ನೆಲ್ಲ ಯಾರಿಗೆ ನಂಬಿ ಕೊಡುವುದು? ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆಗೆ ವಾಲುವವರು, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ. ನಡುವೆ ಭಾರತ, ಅಧ್ಯಕ್ಷರು ತಿಮ್ಮಯ್ಯ. ಎರಡು ಎರಡು ಮತ ಆದಾಗ ಐದನೆಯದು ಇವರದ್ದು. ಕಾವಲಿಗೆ ಭಾರತದಿಂದ ಹೋದ ಪಡೆಯ ಮುಖ್ಯಸ್ಥರು ಥೋರಟ್, ಆಗ ನೆನಪಿಡಿ ಅಂದೆನಲ್ಲ, ಅದೇ ಕಾಂಗಾವಿನ ಗೆಳೆಯರು.

ಜಾಗ ಹಂಚುವಾಗ ಜಗಳ ಬಿದ್ದ ಅಣ್ಣ ತಮ್ಮಂದಿರ ನಡುವೆ ಪಂಚಾಯಿತಿ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಗೊತ್ತು. ಮಧ್ಯದಲ್ಲಿ ಕೂತವನಿಗೆ ಎರಡೂ ಕಡೆಯಿಂದ ಬೈಗುಳ. ಅಲ್ಲೂ ಹಾಗೇ ಆಯಿತು. ಒಬ್ಬೊಬ್ಬ ಕೈದಿಯನ್ನು ಒಂದು ಡೇರೆಗೆ ಕರೆತರುವುದು. ಅವನ ದೇಶದ ಅಧಿಕಾರಿ ಬಂದು ಊರಿಗೆ ಬಾ ಅಂತ ವಿವರಿಸುವುದು. ಡೇರೆಗೆ ಹೊರಹೋಗಲು ಎರಡು ಬಾಗಿಲು. ಒಂದರಿಂದ ಹೋದರೆ ಊರಿಗೆ, ಇನ್ನೊಂದರಿಂದ ಹೋದರೆ ಊರು ಬೇಡ ಅಂತ. ಕೆಲವರು ಡೇರೆಗೇ ಬರುವುದಿಲ್ಲ ಅಂತ ಗಲಾಟೆ ಎಬ್ಬಿಸಿದರು. ಬಂದೂಕು ತೋರಿಸಿ ಎಳೆದು ತನ್ನಿ ಅಂತ ಒಂದು ಕಡೆಯ ಒತ್ತಡ. ತಿಮ್ಮಯ್ಯ ಒಪ್ಪಲಿಲ್ಲ. ಕೈದಿಯ ಮೇಲೆ ಬಲಪ್ರಯೋಗ ಇಲ್ಲ ಅಂದರು. ಬೆನ್ನಿಗೆ ಬಂದೂಕು ಇಟ್ಟು ಯಾವ ಬಾಗಿಲಿನಿಂದ ಹೋಗುತ್ತೀಯಾ ಅಂತ ಕೇಳಿದರೆ ಅದು ಕೇಳಿದ ಹಾಗಾ? ಕೊನೆಗೆ 88 ಜನ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂದರು. ಅವರನ್ನು ಹಡಗಿನಲ್ಲಿ ಭಾರತಕ್ಕೆ ಕರೆತಂದರು. ಕೆಲವರು ಆಮೇಲೆ ಬೇರೆ ದೇಶಗಳಿಗೆ ಹೋಗಿ ನೆಲೆಸಿದರು.

ಆ ಎರಡು ಬಾಗಿಲಿನ ಡೇರೆಯ ವಿಷಯ ಓದಿದಾಗ ನನಗೆ ನಮ್ಮೂರೇ ನೆನಪಾಯಿತು. ಗೆರೆ ಎಳೆಯುವವರು ಎಲ್ಲೋ ಇರುತ್ತಾರೆ. ಗೆರೆಯ ಮೇಲೆ ಬದುಕುವವನನ್ನು ಕೂರಿಸಿ, ನಿನಗೆ ಏನು ಬೇಕು ಅಂತ ಕೇಳುವವರು ಬಹಳ ಕಮ್ಮಿ. ತಿಮ್ಮಯ್ಯ 22 ಸಾವಿರ ಜನರನ್ನು ಒಬ್ಬೊಬ್ಬರಾಗಿ ಕೇಳಲು ಹೊರಟವರು. ಎಲ್ಲರನ್ನೂ ಕೇಳಲು ಸಮಯ ಸಾಲಲಿಲ್ಲ, ಅದು ಬೇರೆ ವಿಷಯ. ಕೇಳಬೇಕು ಅನ್ನುವ ಪಟ್ಟು ಬಿಡಲಿಲ್ಲ. 1954ರಲ್ಲಿ ಪದ್ಮಭೂಷಣ ಬಂತು.

1957ರ ಮೇನಲ್ಲಿ ಸೇನೆಯ ಮುಖ್ಯಸ್ಥರಾದರು. ಇಲ್ಲಿ ನೋವಿನ ಭಾಗ ಬರುತ್ತದೆ, ಬಿಟ್ಟು ಹೋಗುವುದು ಸರಿಯಲ್ಲ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರಿಗೂ ಇವರಿಗೂ ಆಗಿಬರಲಿಲ್ಲ. 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ಪ್ರಧಾನಿ ನೆಹರೂ ಕರೆದು ಮಾತಾಡಿ ವಾಪಸ್ ತೆಗೆಸಿದರು. ಸುದ್ದಿ ಪತ್ರಿಕೆಗೆ ಹೋಯಿತು. ಆಮೇಲೆ ಪಾರ್ಲಿಮೆಂಟಿನಲ್ಲಿ ನೆಹರೂ ಅವರೇ ಇವರು ನಡೆದುಕೊಂಡ ರೀತಿಯನ್ನು ಟೀಕಿಸಿದರು. ತಿಮ್ಮಯ್ಯ ಬೀದಿಗೆ ಬಂದು ಉತ್ತರ ಕೊಡಲಿಲ್ಲ. 1961ರ ಮೇವರೆಗೆ ಕೆಲಸ ಮಾಡಿ ನಿವೃತ್ತರಾದರು. ಮರು ವರ್ಷ ಚೀನಾ ಯುದ್ಧ.

ಬ್ಯಾರಕ್ಕಿನಲ್ಲಿದ್ದಾಗ ನನಗೆ ಈ ವಿಷಯದಲ್ಲಿ ಸಿಟ್ಟಿತ್ತು. ಕೊಟ್ಟ ರಾಜೀನಾಮೆ ಯಾಕೆ ವಾಪಸ್ ತೆಗೆದುಕೊಂಡರು ಅಂತ. ಈಗ ವಯಸ್ಸಾಗಿದೆ. ಸೇನೆಯ ಮುಖ್ಯಸ್ಥ ಚುನಾಯಿತ ಸರ್ಕಾರದ ಎದುರು ಹಟ ಹಿಡಿದು ನಿಂತ ದೇಶಗಳ ಗತಿ ನಮ್ಮ ಅಕ್ಕಪಕ್ಕದಲ್ಲೇ ನೋಡಿದ್ದೇವೆ. ತಿಮ್ಮಯ್ಯ ಪಣಕ್ಕಿಟ್ಟದ್ದು ತನ್ನ ಕುರ್ಚಿಯನ್ನು ಮಾತ್ರ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಪ್ರಧಾನಿ ಮಾತಿಗೆ ತಲೆ ಬಾಗಿಸಿದರು, ಅವಮಾನ ನುಂಗಿದರು. ಅದು ದೌರ್ಬಲ್ಯ ಅಂತ ನನಗೆ ಈಗ ಅನಿಸುವುದಿಲ್ಲ.

ಆಮೇಲೆ ಮನೆಯಲ್ಲಿ ಆರಾಮಾಗಿ ಇರಬಹುದಿತ್ತು. 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು. ಸೈಪ್ರಸ್ ದ್ವೀಪದಲ್ಲಿ ಗ್ರೀಕರು, ತುರ್ಕರು ಹೊಡೆದಾಡಿಕೊಳ್ಳುತ್ತಿದ್ದಾರೆ, ಶಾಂತಿಪಡೆ ನಡೆಸಬೇಕು ಅಂತ. ಅದನ್ನು ಮೊದಲು ನಡೆಸಿದ್ದೂ ಒಬ್ಬ ಭಾರತೀಯರೇ, ಜನರಲ್ ಗ್ಯಾನಿ. 58 ವಯಸ್ಸಿನಲ್ಲಿ ತಿಮ್ಮಯ್ಯ ಹೊರಟರು. ಹೋದ ಮುಂದಿನ ತಿಂಗಳೇ ಅಲ್ಲಿ ವಿಮಾನಗಳಿಂದ ಬಾಂಬು ಬಿತ್ತು. ಒಂದೇ ಊರಿನ ನಡುವೆ ಗೆರೆ, ಅತ್ತ ಒಬ್ಬರು, ಇತ್ತ ಒಬ್ಬರು. ಶಾಂತಿಪಡೆಯ ಸೈನಿಕನ ಕೆಲಸ ಎಂಥದ್ದು ಗೊತ್ತಾ? ಗುಂಡು ಹಾರಿಸುವವರ ನಡುವೆ ಹೋಗಿ, ತಾನು ಗುಂಡು ಹಾರಿಸದೆ ನಿಲ್ಲುವುದು. ಝೋಜಿಲಾದಲ್ಲಿ ಟ್ಯಾಂಕಿನ ಉಕ್ಕಾದರೂ ಇತ್ತು. ಇಲ್ಲಿ ಇದ್ದದ್ದು ತಲೆಯ ಮೇಲಿನ ನೀಲಿ ಟೋಪಿ ಮಾತ್ರ.

1965ರ ಡಿಸೆಂಬರ್ 18ರಂದು ಅಲ್ಲೇ, ಕೆಲಸದಲ್ಲಿರುವಾಗಲೇ, ಹೃದಯಾಘಾತದಿಂದ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದರು. ಮರು ವರ್ಷ ಸೈಪ್ರಸ್ ದೇಶ ಅವರ ಚಿತ್ರವಿರುವ ಅಂಚೆಚೀಟಿ ತಂದಿತು. ತನ್ನ ನೆಲದವನಲ್ಲದ ಒಬ್ಬ ಜನರಲ್‌ನ ಮುಖವನ್ನು ಕಾಗದಕ್ಕೆ ಅಂಟಿಸಿ ಮನೆ ಮನೆಗೆ ಕಳಿಸಿದರು ಅವರು.

ಮಡಿಕೇರಿಯಲ್ಲಿ ಅವರು ಬೆಳೆದ ಮನೆ ಉಂಟು. ಹೆಸರು ಸನ್ನಿಸೈಡ್. ಬಹಳ ವರ್ಷ ಅದರಲ್ಲಿ ಒಂದು ಸರ್ಕಾರಿ ಕಚೇರಿ ಇತ್ತು. ನಾನು ರಜೆಯಲ್ಲಿ ಬಂದಾಗ ಒಮ್ಮೆ ಹೊರಗಿನಿಂದ ನೋಡಿ ಬಂದಿದ್ದೆ. ಈಗ ಅದು ಮ್ಯೂಸಿಯಂ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಬಂದು ಉದ್ಘಾಟನೆ ಮಾಡಿದರು. ಹೋದ ವರ್ಷ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಎಲ್ಲ ನೋಡಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಕೇಳಿದಳು, ಅಜ್ಜಾ, ಇವರಿಗೆ ಹೆದರಿಕೆ ಆಗುತ್ತಿರಲಿಲ್ಲವಾ ಅಂತ. ಆಗುತ್ತಿತ್ತು ಮಗಾ, ಝೋಜಿಲಾ ನೋಡಿದ ಎಲ್ಲರಿಗೂ ಆಗುತ್ತದೆ ಅಂದೆ. ಮತ್ತೆ ಹೇಗೆ ಹೋದರು ಅಂತ ಕೇಳಿದಳು. ನಾನು ಅವಳಿಗೆ ನಮ್ಮ ಸುಬೇದಾರ್ ಸಾಹೇಬರ ಕಥೆ ಹೇಳಿದೆ.

ಇಲ್ಲಿಂದ ಸುಳ್ಯ, ಸಂಪಾಜೆ ದಾರಿಯಲ್ಲಿ ಹೋದರೆ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದು. ಡಿಸೆಂಬರ್ 18 ಬರುತ್ತದಲ್ಲ, ಅವರು ಹೋದ ದಿನ. ಗ್ರಂಥಾಲಯದವರು ಒಂದು ಜೀಪೋ, ಮಿನಿ ಬಸ್ಸೋ ನೋಡುತ್ತೇವೆ ಅಂದಿದ್ದಾರೆ. ಬರುವವರು ಹೊರಗೆ ಹೋಗುವ ಮೊದಲು ಬಾಗಿಲಿನ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಯಿರಿ. ಮಕ್ಕಳ ಹೆಸರು ಮೊದಲು. ನಾನೂ ಬರುತ್ತೇನೆ.